ಪಾಠ ಮುಗಿದ ಮೇಲೆ ಉಳಿದದ್ದೇನು: ಭೌತಶಾಸ್ತ್ರದ ಕಲಿಕೆಯೇ ಸಂಶೋಧನೆಯ ವಿಷಯವಾದ ಬಗೆ

ಭೌತಶಾಸ್ತ್ರವನ್ನು ಶಾಲೆಯಲ್ಲಿ ಕೈಯಾರೆ ಪ್ರಯೋಗ ಮಾಡಿ ಕಲಿಯಬೇಕೆಂಬ ಪದ್ಧತಿಗೆ ಇನ್ನೂ ನೂರೈವತ್ತು ವರ್ಷ ತುಂಬಿಲ್ಲ. ಹತ್ತೊಂಬತ್ತನೆಯ ಶತಮಾನದ ಬಹುಪಾಲು ಅದು ಪುಸ್ತಕ ಓದಿ ಒಪ್ಪಿಸುವ ವಿಷಯವಾಗಿಯೇ ಇತ್ತು. ಉಪಕರಣಗಳೇನಾದರೂ ಇದ್ದರೆ ಅವು ಮೇಷ್ಟರ ಮೇಜಿನ ಮೇಲಿರುತ್ತಿದ್ದವು. ವಿದ್ಯಾರ್ಥಿಗಳು ಬೆಂಚಿನಲ್ಲಿ ಕೂತು ನೋಡುತ್ತಿದ್ದರು. 1880ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಇದನ್ನು ಬದಲಿಸಲು ಹೊರಟಿತು. ಪ್ರೌಢಶಾಲೆಯಲ್ಲಿ ಸುಮಾರು 40 ಪ್ರಯೋಗಗಳನ್ನು ಸ್ವತಃ ಮಾಡಿ ಬರೆದಿಟ್ಟು ಬಂದವರಿಗೆ ಪ್ರವೇಶದ ಹೊಸ ದಾರಿಯೊಂದನ್ನು ತೆರೆಯಿತು. ಆ ಪ್ರಯೋಗಗಳ ಪಟ್ಟಿ ಮಾಡಿದವರು ಎಡ್ವಿನ್ ಹಾಲ್. 1879ರಲ್ಲಿ ‘ಹಾಲ್ ಪರಿಣಾಮ’ವನ್ನು ಕಂಡುಹಿಡಿದ ಅದೇ ಭೌತವಿಜ್ಞಾನಿ. ಪಿಯು ಕಾಲೇಜುಗಳಲ್ಲಿ ವರ್ಷದ ಕೊನೆಗೆ ಸಹಿಗಾಗಿ ರಾಶಿ ಬೀಳುವ ಪ್ರಾಕ್ಟಿಕಲ್ ರೆಕಾರ್ಡುಗಳ ಮುತ್ತಜ್ಜನನ್ನು ಹುಡುಕಿದರೆ ಆ ಕಾಲದ ಪುಸ್ತಕಗಳಲ್ಲೇ ಸಿಗಬೇಕು.

ಪ್ರಯೋಗಾಲಯ ಬಂತು, ಪಠ್ಯ ಬೆಳೆಯಿತು, ಬೋಧಕರ ಸಂಘಗಳೂ ಹುಟ್ಟಿದವು. ಅಮೆರಿಕದ ಭೌತಶಾಸ್ತ್ರ ಬೋಧಕರ ಸಂಘ 1930ರಲ್ಲಿ ಸ್ಥಾಪನೆಯಾಯಿತು. ಮೂರು ವರ್ಷಗಳಲ್ಲೇ ಅದರ ಪತ್ರಿಕೆಯೂ ಹೊರಬಂತು. ಆ ಪತ್ರಿಕೆಯ ಮೊದಲ ದಶಕಗಳ ಕಾಳಜಿಗಳು ಹೆಚ್ಚಾಗಿ ಬೋಧಿಸುವವರ ಕಡೆಯವೇ: ಒಂದು ಸೂತ್ರವನ್ನು ಇನ್ನೂ ಚೊಕ್ಕವಾಗಿ ನಿರೂಪಿಸುವುದು ಹೇಗೆ, ಪ್ರಾತ್ಯಕ್ಷಿಕೆಗೆ ಹೊಸ ಉಪಕರಣ ಯಾವುದು, ಪಠ್ಯಕ್ರಮದಲ್ಲಿ ಏನಿರಬೇಕು, ಏನು ಬೇಡ. ಚೆನ್ನಾಗಿ ಹೇಳಿಕೊಟ್ಟರೆ ಚೆನ್ನಾಗಿ ಕಲಿಯುತ್ತಾರೆ ಎಂಬುದನ್ನು ಯಾರೂ ಪರೀಕ್ಷೆಗೆ ಒಡ್ಡಿರಲಿಲ್ಲ. ಪ್ರಯೋಗಾಲಯದಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೂ ಪುರಾವೆ ಕೇಳುವ ಜನ ತರಗತಿಯ ವಿಷಯದಲ್ಲಿ ಇಷ್ಟು ದೊಡ್ಡ ಊಹೆಯನ್ನು ಪುರಾವೆಯಿಲ್ಲದೆ ಒಪ್ಪಿಕೊಂಡಿದ್ದರು.

ಕಲಿಯುವವರ ತಲೆಯಲ್ಲಿ ಏನು ನಡೆಯುತ್ತದೆಂದು ಕೇಳಿದ ಮೊದಲಿಗರು ಭೌತಶಾಸ್ತ್ರದ ಬೋಧಕರಲ್ಲ. ಸ್ವಿಟ್ಜರ್ಲೆಂಡಿನ ಜಾನ್ ಪಿಯಾಜೆ ಮಕ್ಕಳ ಆಲೋಚನೆಯನ್ನು ಅಧ್ಯಯನ ಮಾಡುತ್ತಿದ್ದ ಕಾಲ. 1928ರಲ್ಲಿ ದಾವೋಸಿನಲ್ಲಿ ಅವರಿಗೆ ಐನ್‌ಸ್ಟೈನ್ ಒಂದು ಪ್ರಶ್ನೆ ಹಾಕಿದರು: ಮಗುವಿಗೆ ಮೊದಲು ತಿಳಿಯುವುದು ಕಾಲವೋ, ವೇಗವೋ? ಕಾಲವನ್ನು ಆಧಾರವಾಗಿಟ್ಟುಕೊಂಡು ವೇಗವನ್ನು ವ್ಯಾಖ್ಯಾನಿಸುವುದು ಭೌತಶಾಸ್ತ್ರದ ರೂಢಿ. ಮಗುವಿನ ಮನಸ್ಸೂ ಅದೇ ಕ್ರಮದಲ್ಲಿ ನಡೆಯಬೇಕೆಂದೇನಿಲ್ಲವಲ್ಲ. ಪಿಯಾಜೆ ಈ ಪ್ರಶ್ನೆಯನ್ನು ಬಿಡದೆ ಹಿಡಿದು, 1946ರಲ್ಲಿ ಚಲನೆ ಮತ್ತು ವೇಗದ ಕುರಿತ ಮಕ್ಕಳ ಕಲ್ಪನೆಗಳ ಮೇಲೆ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಮಗುವಿನ ಎದುರು ಕೂತು, ವಸ್ತುಗಳನ್ನು ಮುಂದಿಟ್ಟು, ಪ್ರಶ್ನೆ ಕೇಳಿ, ಉತ್ತರ ತಪ್ಪಾದರೂ ತಿದ್ದದೆ ಅದರ ಹಿಂದಿನ ತರ್ಕವನ್ನು ಹೊರತೆಗೆಯುವುದು ಅವರ ವಿಧಾನ. ಮೂರು ದಶಕಗಳ ನಂತರ ಭೌತವಿಜ್ಞಾನಿಗಳು ತಮ್ಮ ವಿದ್ಯಾರ್ಥಿಗಳ ಮುಂದೆ ಕೂತಾಗ ಅವರ ಕೈಗೆ ಬಂದ ಮುಖ್ಯ ಸಾಧನ ಅದೇ ಆಯಿತು.

ನಡುವೆ ಪಠ್ಯಕ್ರಮ ಸುಧಾರಣೆಯ ಒಂದು ದೊಡ್ಡ ಅಲೆ ಬಂದುಹೋಯಿತು. 1956ರಲ್ಲಿ ಎಂಐಟಿಯ ಜೆರಾಲ್ಡ್ ಜಕರಾಯಸ್ ಪ್ರೌಢಶಾಲೆಯ ಭೌತಶಾಸ್ತ್ರವನ್ನು ಹೊಸದಾಗಿ ಕಟ್ಟಲು ವಿಜ್ಞಾನಿಗಳ ತಂಡವೊಂದನ್ನು ಸೇರಿಸಿದರು. ಮರುವರ್ಷ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಮೇಲೇರಿತು. ಅಮೆರಿಕದ ಸರ್ಕಾರದ ಹಣದ ಚೀಲ ಬಿಚ್ಚಿಕೊಂಡಿತು. ಪಿಎಸ್ಎಸ್‌ಸಿ ಎಂದೇ ಹೆಸರಾದ ಈ ಯೋಜನೆಯ ಪಠ್ಯಪುಸ್ತಕ 1960ರಲ್ಲಿ ಹೊರಬಂತು, ಜೊತೆಗೆ ಚಲನಚಿತ್ರಗಳು, ನೀರಿನ ತೊಟ್ಟಿಯಲ್ಲಿ ಅಲೆಗಳನ್ನು ತೋರಿಸುವ ಅಗ್ಗದ ಉಪಕರಣಗಳು. ಬ್ರಿಟನ್ನಿನಲ್ಲಿ 1962ರಿಂದ ನಫೀಲ್ಡ್ ಪ್ರತಿಷ್ಠಾನದ ಯೋಜನೆ ನಡೆಯಿತು. ಹಾರ್ವರ್ಡಿನಲ್ಲಿ ಜೆರಾಲ್ಡ್ ಹೋಲ್ಟನ್ ಮತ್ತು ಸಂಗಡಿಗರು ಇತಿಹಾಸ, ತತ್ತ್ವಶಾಸ್ತ್ರಗಳನ್ನು ಬೆರೆಸಿದ ಮತ್ತೊಂದು ಪಠ್ಯವನ್ನು ಸಿದ್ಧಪಡಿಸಿದರು.

ಇವೆಲ್ಲ ಒಳ್ಳೆಯ ಪುಸ್ತಕಗಳೇ. ಪಿಎಸ್ಎಸ್‌ಸಿ ಪಠ್ಯದ ಅಲೆಗಳ ಭಾಗವನ್ನು ಇಂದು ಓದಿದರೂ ಖುಷಿಯಾಗುತ್ತದೆ. ಆದರೆ ಇವನ್ನು ಬರೆದವರ ನಂಬಿಕೆ ಹಳೆಯದೇ: ವಿಷಯವನ್ನು ತಿಳಿದವರು ಅದನ್ನು ಸುಂದರವಾಗಿ, ಸರಿಯಾದ ಕ್ರಮದಲ್ಲಿ ಮುಂದಿಟ್ಟರೆ ಸಾಕು. ಈ ನಂಬಿಕೆಯ ಮಿತಿ ಅದರ ಅತ್ಯುತ್ತಮ ಉದಾಹರಣೆಯಲ್ಲೇ ಕಾಣಿಸಿತು. 1961ರಿಂದ 1963ರವರೆಗೆ ರಿಚರ್ಡ್ ಫೈನ್‌ಮನ್ ಕ್ಯಾಲ್‌ಟೆಕ್‌ನ ಮೊದಲೆರಡು ವರ್ಷದ ವಿದ್ಯಾರ್ಥಿಗಳಿಗೆ ಕೊಟ್ಟ ಉಪನ್ಯಾಸಗಳಿಗಿಂತ ಚೆನ್ನಾಗಿ ಭೌತಶಾಸ್ತ್ರವನ್ನು ವಿವರಿಸಿದವರು ಯಾರೂ ಇಲ್ಲವೆಂದು ಹೇಳುವವರು ಬಹಳ. ಆ ಉಪನ್ಯಾಸಗಳ ಮುದ್ರಿತ ಸಂಪುಟದ ಮುನ್ನುಡಿಯಲ್ಲಿ ಫೈನ್‌ಮನ್ ಸ್ವತಃ ಬೇರೆ ಮಾತು ಹೇಳಿದ್ದಾರೆ. ಪರೀಕ್ಷೆಯ ಉತ್ತರಗಳನ್ನು ನೋಡಿದಾಗ ವಿದ್ಯಾರ್ಥಿಗಳ ಮಟ್ಟಿಗೆ ತಮ್ಮ ಪ್ರಯತ್ನ ಅಷ್ಟಾಗಿ ಗೆದ್ದಂತಿಲ್ಲ ಎಂಬುದು ಅವರ ತೀರ್ಮಾನ.

ಬದಲಾವಣೆಯ ಮೊದಲ ಹೆಜ್ಜೆಗಳನ್ನು ಇಟ್ಟವರು ಇಬ್ಬರು. ಒಬ್ಬರು ಬರ್ಕ್ಲಿಯ ರಾಬರ್ಟ್ ಕಾರ್ಪ್ಲಸ್. ಎಲೆಕ್ಟ್ರಾನಿನ ಕಾಂತತ್ವದ ಅತಿ ಸೂಕ್ಷ್ಮ ಲೆಕ್ಕಾಚಾರಕ್ಕೆ ಹೆಸರಾದ ಸೈದ್ಧಾಂತಿಕ ವಿಜ್ಞಾನಿ ಅವರು. 1950ರ ದಶಕದ ಕೊನೆಯಲ್ಲಿ ಮಗಳ ಪ್ರಾಥಮಿಕ ಶಾಲೆಗೆ ಹೋಗಿ ಸ್ಥಾಯೀ ವಿದ್ಯುತ್ ಹುಟ್ಟಿಸುವ ಯಂತ್ರವನ್ನು ತೋರಿಸಿ ಪಾಠ ಮಾಡಿದ ಮೇಲೆ ಅವರ ದಾರಿ ಹೊರಳಿತು. ಪುಟ್ಟ ಮಕ್ಕಳ ವಿಜ್ಞಾನ ಕಲಿಕೆಯೇ ಅವರ ಕ್ಷೇತ್ರವಾಯಿತು. ಪಿಯಾಜೆಯನ್ನು ಓದಿಕೊಂಡು ಅವರು ರೂಪಿಸಿದ ಕ್ರಮದಲ್ಲಿ ಮಕ್ಕಳು ಮೊದಲು ವಸ್ತುಗಳೊಡನೆ ಆಡುತ್ತಾರೆ, ಹೆಸರು ಮತ್ತು ನಿಯಮ ಆಮೇಲೆ ಬರುತ್ತವೆ, ಅದನ್ನು ಬೇರೆ ಕಡೆ ಅನ್ವಯಿಸುವುದು ಕೊನೆಗೆ. ಇನ್ನೊಬ್ಬರು ಆರ್ನಾಲ್ಡ್ ಆರನ್ಸ್. ಆಮ್‌ಹರ್ಸ್ಟ್ ಕಾಲೇಜಿನಲ್ಲಿ ಬಹುಕಾಲ ಪಾಠ ಮಾಡಿ 1968ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಬಂದವರು. ವಿದ್ಯಾರ್ಥಿಗೆ ಉತ್ತರ ಹೇಳದೆ, ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ, ಅವರು ಏನು ಹೇಳುತ್ತಾರೋ ಅದನ್ನು ಕಿವಿಗೊಟ್ಟು ಕೇಳುವುದರಲ್ಲಿ ಆರನ್ಸ್ ಅವರಿಗೆ ಅಸಾಧಾರಣ ತಾಳ್ಮೆಯಿತ್ತು.

ಆರನ್ಸ್ ಜೊತೆ ಶಾಲಾ ಶಿಕ್ಷಕರಿಗೆ ಪಾಠ ಮಾಡಲು ಸೇರಿಕೊಂಡವರು ಲಿಲಿಯನ್ ಮೆಕ್‌ಡರ್ಮಟ್. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜ ಭೌತಶಾಸ್ತ್ರದಲ್ಲಿ 1959ರಲ್ಲೇ ಡಾಕ್ಟರೇಟ್ ಪಡೆದಿದ್ದರೂ ಅವರಿಗೆ ಸಿಯಾಟಲ್‌ನಲ್ಲಿ ಸರಿಯಾದ ಹುದ್ದೆ ಸಿಗಲಿಲ್ಲ. ಪತಿ ಅದೇ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದರು, ಸಮೀಪ ಬಂಧುಗಳಿಬ್ಬರನ್ನು ಒಟ್ಟಿಗೆ ನೇಮಿಸಬಾರದೆಂಬ ನಿಯಮ ಅಡ್ಡ ಬಂತು. ಅವರಿಗೆ ಖಾಯಂ ದಾರಿ ತೆರೆದದ್ದು 1973ರಲ್ಲಿ. ಆ ಹೊತ್ತಿಗೆ ಅವರು ತಮ್ಮ ಮುಂದಿನ ಕೆಲಸವನ್ನು ಆರಿಸಿಕೊಂಡಾಗಿತ್ತು. ಭೌತಶಾಸ್ತ್ರವನ್ನು ಕಲಿಯುವಾಗ ಜನ ಎಲ್ಲಿ, ಯಾಕೆ ಎಡವುತ್ತಾರೆ ಎಂಬುದನ್ನು ಶಿಕ್ಷಣ ವಿಭಾಗದಲ್ಲಲ್ಲ, ಭೌತಶಾಸ್ತ್ರ ವಿಭಾಗದಲ್ಲೇ ಕೂತು, ಭೌತಶಾಸ್ತ್ರದ ಶಿಸ್ತಿನಿಂದಲೇ ಸಂಶೋಧಿಸಬೇಕು ಎಂಬುದು ಅವರ ಹಟ. 1970ರ ದಶಕ ಮುಗಿಯುವ ಹೊತ್ತಿಗೆ ಅಲ್ಲಿ ಈ ವಿಷಯದಲ್ಲೇ ಭೌತಶಾಸ್ತ್ರದ ಪಿಎಚ್‌ಡಿ ಪಡೆಯುವುದು ಸಾಧ್ಯವಾಗಿತ್ತು. ವಿಭಾಗದ ಗೋಡೆಯೊಳಗೆ ಸಿಕ್ಕ ಈ ಜಾಗವೇ ಮುಂದಿನ ಎಲ್ಲಕ್ಕೂ ಬುನಾದಿ.

ಆ ಗುಂಪಿನ ಮೊದಲ ಪ್ರಕಟಿತ ಅಧ್ಯಯನಗಳಲ್ಲಿ ಒಂದು 1980ರದು. ವಿದ್ಯಾರ್ಥಿಯ ಮುಂದೆ ಎರಡು ಹಳಿಗಳು. ಒಂದರ ಮೇಲೆ ಒಂದು ಗುಂಡು ಒಂದೇ ವೇಗದಲ್ಲಿ ಉರುಳುತ್ತದೆ. ಪಕ್ಕದ ಹಳಿಯಲ್ಲಿ ಇನ್ನೊಂದು ಗುಂಡು ಹೆಚ್ಚಿನ ವೇಗದಲ್ಲಿ ಹೊರಟು, ಏರು ಹತ್ತುತ್ತ ನಿಧಾನವಾಗುತ್ತದೆ. ಎರಡನೆಯದು ಮೊದಲು ಮುಂದಿನದನ್ನು ದಾಟುತ್ತದೆ. ಆಮೇಲೆ ತಾನೇ ಹಿಂದೆ ಬೀಳುತ್ತದೆ. ಎರಡೂ ಗುಂಡುಗಳ ವೇಗ ಯಾವಾಗಲಾದರೂ ಒಂದೇ ಆಗಿತ್ತೇ? ವೇಗವೆಂದರೆ ದೂರವನ್ನು ಕಾಲದಿಂದ ಭಾಗಿಸಿದ್ದು ಎಂದು ತಟ್ಟನೆ ಹೇಳಬಲ್ಲ ಅನೇಕ ವಿದ್ಯಾರ್ಥಿಗಳು, ಗುಂಡುಗಳು ಅಕ್ಕಪಕ್ಕಕ್ಕೆ ಬಂದ ಕ್ಷಣಗಳನ್ನೇ ತೋರಿಸಿದರು. ಅವರ ಮನಸ್ಸಿನಲ್ಲಿ ಸ್ಥಾನ ಮತ್ತು ವೇಗ ಎರಡೂ ಇನ್ನೂ ಬೇರೆ ಬೇರೆಯಾಗಿರಲಿಲ್ಲ. ಎರಡು ಬಾರಿ ಅಕ್ಕಪಕ್ಕ ಬಂದ ಕ್ಷಣಗಳ ನಡುವೆ ಎಲ್ಲೋ ಒಮ್ಮೆ ಮಾತ್ರ ವೇಗ ಸಮವಾಗುತ್ತದೆ ಎಂಬ ಸರಿಯುತ್ತರಕ್ಕೆ ಲೆಕ್ಕ ಬೇಕಿಲ್ಲ, ಸೂತ್ರವೂ ಬೇಕಿಲ್ಲ. ಪರೀಕ್ಷೆಯಲ್ಲಿ ಅಂಕ ತರುವ ಲೆಕ್ಕಗಳು ಈ ಗೊಂದಲವನ್ನು ಮುಟ್ಟುವುದೇ ಇಲ್ಲ.

ವಿದ್ಯುತ್ತಿನ ವಿಷಯದಲ್ಲಿ ಅದೇ ಗುಂಪು ಕೇಳಿದ ಪ್ರಶ್ನೆ ಇನ್ನೂ ಸರಳ. ಒಂದೇ ಬಗೆಯ ಮೂರು ಬ್ಯಾಟರಿ, ಒಂದೇ ಬಗೆಯ ಐದು ಬಲ್ಬು. ಮೊದಲ ಬ್ಯಾಟರಿಗೆ ಒಂದೇ ಬಲ್ಬು. ಎರಡನೆಯದಕ್ಕೆ ಎರಡು ಬಲ್ಬು ಸರಣಿಯಲ್ಲಿ. ಮೂರನೆಯದಕ್ಕೆ ಎರಡು ಬಲ್ಬು ಸಮಾಂತರವಾಗಿ. ಯಾವುದು ಹೆಚ್ಚು ಪ್ರಕಾಶ, ಯಾವುದು ಕಡಿಮೆ, ಕ್ರಮವಾಗಿ ಹೇಳಿ. ಒಂಟಿ ಬಲ್ಬು ಮತ್ತು ಸಮಾಂತರ ಬಲ್ಬುಗಳೆರಡು ಸಮವಾಗಿ ಉರಿಯುತ್ತವೆ, ಸರಣಿಯವು ಮಂಕು. ಕಾಲೇಜಿನಲ್ಲಿ ವಿದ್ಯುತ್ತಿನ ಪಾಠ ಮುಗಿಸಿದವರಲ್ಲೂ ಸುಮಾರು ಶೇ 15ರಷ್ಟು ಮಂದಿ ಮಾತ್ರ ಇದನ್ನು ಸರಿಯಾಗಿ ಹೇಳಿದರು. ಪಾಠಕ್ಕೆ ಮೊದಲು ಕೇಳಿದರೂ ನಂತರ ಕೇಳಿದರೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ತಪ್ಪು ಉತ್ತರಗಳು ಅಡ್ಡಾದಿಡ್ಡಿಯಾಗಿಯೂ ಇರಲಿಲ್ಲ. ಬ್ಯಾಟರಿ ಯಾವಾಗಲೂ ಒಂದೇ ಪ್ರಮಾಣದ ವಿದ್ಯುತ್ ಪ್ರವಾಹವನ್ನು ಕೊಡುತ್ತದೆ, ಮೊದಲ ಬಲ್ಬು ಅದರಲ್ಲಿ ಒಂದಷ್ಟನ್ನು ಖರ್ಚು ಮಾಡಿ ಉಳಿದದ್ದನ್ನು ಮುಂದಕ್ಕೆ ಬಿಡುತ್ತದೆ ಎಂಬ ಎರಡು ಕಲ್ಪನೆಗಳು ಮತ್ತೆ ಮತ್ತೆ ಎದ್ದು ಕಂಡವು. ಓಮ್‌ನ ನಿಯಮ ಬಳಸಿ ತೊಡಕಾದ ಮಂಡಲಗಳ ಲೆಕ್ಕ ಬಿಡಿಸಬಲ್ಲವರೇ ಹೀಗೆ ಯೋಚಿಸುತ್ತಿದ್ದರು.

ಸಿಯಾಟಲ್ ಗುಂಪು ಇಷ್ಟಕ್ಕೆ ನಿಲ್ಲಲಿಲ್ಲ. ತೊಡಕು ಎಲ್ಲಿದೆಯೆಂದು ಪತ್ತೆ ಮಾಡುವುದು, ಅದಕ್ಕೆ ತಕ್ಕ ಅಭ್ಯಾಸ ಹಾಳೆ ಬರೆಯುವುದು, ತರಗತಿಯಲ್ಲಿ ಬಳಸಿ ಮತ್ತೆ ಅಳೆಯುವುದು, ಸೋತರೆ ತಿದ್ದಿ ಬರೆಯುವುದು: ಈ ಸುತ್ತು ವರ್ಷಗಟ್ಟಲೆ ನಡೆಯಿತು. ವಿದ್ಯಾರ್ಥಿಗಳು ಮೂರು ನಾಲ್ಕು ಜನರ ಗುಂಪಾಗಿ ಹಾಳೆಯ ಪ್ರಶ್ನೆಗಳನ್ನು ಚರ್ಚಿಸುತ್ತಾರೆ. ಓಡಾಡುವ ಬೋಧಕರು ಉತ್ತರ ಹೇಳುವುದಿಲ್ಲ, ಮರುಪ್ರಶ್ನೆ ಕೇಳುತ್ತಾರೆ. ಶಿಕ್ಷಕರಿಗಾಗಿ ಬರೆದ ಸಂಪುಟಗಳು 1996ರಲ್ಲೂ ಕಾಲೇಜು ತರಗತಿಯ ಹಾಳೆಗಳು 2002ರಲ್ಲೂ ಪುಸ್ತಕವಾಗಿ ಬಂದವು. ಮೆಕ್‌ಡರ್ಮಟ್ 2020ರಲ್ಲಿ ತೀರಿಕೊಂಡರು.

ಸಿಯಾಟಲ್ ಗುಂಪು ಕೆಲಸ ಶುರುಮಾಡಿದ ಕಾಲಕ್ಕೇ ಬೇರೆ ಊರುಗಳಲ್ಲೂ ಇಂಥದೇ ಸುದ್ದಿ. ಪ್ಯಾರಿಸ್ಸಿನಲ್ಲಿ ಲಾರೆನ್ಸ್ ವಿಯೆನೊ 1979ರಲ್ಲಿ ಪ್ರಕಟಿಸಿದ ಅಧ್ಯಯನ, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಬಲವನ್ನು ವೇಗಕ್ಕೆ ಗಂಟು ಹಾಕುತ್ತಾರೆಂದು ತೋರಿಸಿತು. ಬ್ರಿಟನ್ನಿನ ಲೀಡ್ಸ್‌ನಲ್ಲಿ ರೋಸಲಿಂಡ್ ಡ್ರೈವರ್ ಶಾಲಾ ಮಕ್ಕಳ ಕಲ್ಪನೆಗಳನ್ನು ಅಭ್ಯಾಸ ಮಾಡಿದರು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಜಾನ್ ಕ್ಲೆಮೆಂಟ್ 1982ರಲ್ಲಿ ಕೇಳಿದ ಪ್ರಶ್ನೆ ಈಗ ಪ್ರಸಿದ್ಧ. ನಾಣ್ಯವೊಂದನ್ನು ನೇರ ಮೇಲಕ್ಕೆ ಚಿಮ್ಮಿದೆ. ಅದು ಕೈಬಿಟ್ಟು ಮೇಲೇರುತ್ತಿರುವಾಗ, ಅರ್ಧ ದಾರಿಯಲ್ಲಿ, ಅದರ ಮೇಲೆ ಯಾವ ಯಾವ ಬಲಗಳಿವೆ? ಗಾಳಿಯನ್ನು ಬಿಟ್ಟರೆ ಉಳಿಯುವುದು ಗುರುತ್ವ ಒಂದೇ, ಅದೂ ಕೆಳಮುಖವಾಗಿ. ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ, ಕೈ ಕೊಟ್ಟ ಬಲವೂ ಮೇಲ್ಮುಖವಾಗಿ ನಾಣ್ಯದ ಜೊತೆಗಿದೆ ಎಂದು ಬಾಣ ಬರೆದರು. ಬಲವಿಜ್ಞಾನದ ಕೋರ್ಸು ಮುಗಿಸಿದವರಲ್ಲೂ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಮಂದಿಯ ಬಾಣ ಹಾಗೆಯೇ ಇತ್ತು.

ಎಸೆದ ವಸ್ತುವಿನಲ್ಲಿ ಎಸೆತದ ಶಕ್ತಿ ತುಂಬಿಕೊಂಡು ಮೆಲ್ಲಗೆ ಸೋರಿಹೋಗುತ್ತದೆಂಬ ವಿಚಾರ ಮಧ್ಯಯುಗದ ಯೂರೋಪಿನ ವಿದ್ವಾಂಸರದೂ ಆಗಿತ್ತು. ಹಾಗಾಗಿ ವಿದ್ಯಾರ್ಥಿಯ ತಲೆ ವಿಜ್ಞಾನದ ಇತಿಹಾಸವನ್ನು ಮರಳಿ ನಡೆಯುತ್ತದೆ ಎಂದು ಹೇಳುವವರು ಹುಟ್ಟಿಕೊಂಡರು. ಕೇಳಲು ಚೆಂದದ ಮಾತು, ಆದರೆ ಪೂರ್ತಿ ನಿಜವಲ್ಲ. ಮಧ್ಯಯುಗದ ವಿದ್ವಾಂಸರದು ವಾದ, ಪ್ರತಿವಾದಗಳಿಂದ ಕಟ್ಟಿದ ಸಿದ್ಧಾಂತ. ವಿದ್ಯಾರ್ಥಿಯದು ಗಾಡಿ ತಳ್ಳಿ, ಚೆಂಡು ಎಸೆದು, ತಳ್ಳುವುದು ನಿಂತರೆ ವಸ್ತುವೂ ನಿಲ್ಲುವುದನ್ನು ಕಂಡು ಬಂದ ಬದುಕಿನ ಅನುಭವ. ಘರ್ಷಣೆಯಿರುವ ಜಗತ್ತಿನಲ್ಲಿ ಆ ಅನುಭವ ಸುಳ್ಳೂ ಅಲ್ಲ.

ಸಂದರ್ಶನದಿಂದ ಹತ್ತಾರು ವಿದ್ಯಾರ್ಥಿಗಳನ್ನು ಅರಿಯಬಹುದು, ಸಾವಿರಾರು ಜನರನ್ನಲ್ಲ. ಆ ಕೊರತೆ ತುಂಬಿದ್ದು ಅರಿಜೋನ ಸ್ಟೇಟ್ ವಿಶ್ವವಿದ್ಯಾಲಯ. ಅಲ್ಲಿನ ಡೇವಿಡ್ ಹೆಸ್ಟೀನ್ಸ್ ಸೈದ್ಧಾಂತಿಕ ವಿಜ್ಞಾನಿ; ಅವರ ವಿದ್ಯಾರ್ಥಿ ಇಬ್ರಾಹಿಂ ಹಲೂನ್. ಇಬ್ಬರೂ ಸೇರಿ ಬಲ ಮತ್ತು ಚಲನೆಯ ಕುರಿತು ಲೆಕ್ಕವೇ ಇಲ್ಲದ ಪ್ರಶ್ನೆಪತ್ರಿಕೆಯೊಂದನ್ನು ಸಿದ್ಧಪಡಿಸಿ, ಸುಮಾರು ಸಾವಿರ ವಿದ್ಯಾರ್ಥಿಗಳಿಗೆ ಕೋರ್ಸಿನ ಮೊದಲು ಮತ್ತು ನಂತರ ಕೊಟ್ಟರು. ಪಾಠ ಮಾಡಿದ ನಾಲ್ವರು ಪ್ರಾಧ್ಯಾಪಕರದು ನಾಲ್ಕು ಶೈಲಿ: ಒಬ್ಬರು ತರ್ಕಬದ್ಧ ನಿರೂಪಣೆಗೆ, ಒಬ್ಬರು ಪ್ರಾತ್ಯಕ್ಷಿಕೆಗೆ, ಒಬ್ಬರು ಲೆಕ್ಕ ಬಿಡಿಸಿ ತೋರಿಸುವುದಕ್ಕೆ ಒತ್ತು ಕೊಡುವವರು, ಇನ್ನೊಬ್ಬರು ಪುಸ್ತಕ ಹಿಡಿದು ಹೋಗುವ ಹೊಸಬರು. 1985ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನಾಲ್ಕೂ ತರಗತಿಗಳ ಗಳಿಕೆ ಹೆಚ್ಚುಕಡಿಮೆ ಒಂದೇ, ನಾಲ್ಕೂ ಕಡೆ ಅದು ಅಲ್ಪ. ಒಳ್ಳೆಯ ಉಪನ್ಯಾಸಕರೆಂಬ ಖ್ಯಾತಿ ಈ ಅಂಕಗಳಲ್ಲಿ ಎಲ್ಲೂ ಕಾಣಿಸಲಿಲ್ಲ. ಇಡೀ ಕ್ಷೇತ್ರದಲ್ಲಿ ಬೋಧಕರಿಗೆ ಇದಕ್ಕಿಂತ ಅಹಿತವಾದ ಅಳತೆ ಮತ್ತೊಂದಿಲ್ಲ.

ಆ ಪತ್ರಿಕೆಯನ್ನು ಮತ್ತೆ ಒರೆಗೆ ಹಚ್ಚಿ, ಶಾಲಾ ಶಿಕ್ಷಕ ಮಾಲ್ಕಂ ವೆಲ್ಸ್ ಮುಂತಾದವರ ಜೊತೆ ಹೆಸ್ಟೀನ್ಸ್ 1992ರಲ್ಲಿ ಹೊಸ ರೂಪ ಕೊಟ್ಟರು. ‘ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ’ ಎಂಬ ಈ ಪರೀಕ್ಷೆಯ ಈಗಿನ ರೂಪದಲ್ಲಿ 30 ಪ್ರಶ್ನೆಗಳಿವೆ, ಪ್ರತಿಯೊಂದಕ್ಕೂ ಐದು ಆಯ್ಕೆ. ಅದರ ಜಾಣತನವಿರುವುದು ತಪ್ಪು ಆಯ್ಕೆಗಳಲ್ಲಿ. ಅವು ಪ್ರಶ್ನೆ ಬರೆದವರ ಕಲ್ಪನೆಯಿಂದ ಬಂದವಲ್ಲ, ವಿದ್ಯಾರ್ಥಿಗಳೇ ಬರಹದಲ್ಲಿ, ಮಾತಿನಲ್ಲಿ ಕೊಟ್ಟ ಉತ್ತರಗಳಿಂದ ಆರಿಸಿದವು. ದೊಡ್ಡ ಲಾರಿಯೊಂದು ಪುಟ್ಟ ಕಾರಿಗೆ ಡಿಕ್ಕಿ ಹೊಡೆದರೆ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆ? ಎರಡೂ ಸಮ ಎನ್ನುತ್ತದೆ ನ್ಯೂಟನ್ನನ ಮೂರನೆಯ ನಿಯಮ. ಆ ನಿಯಮವನ್ನು ಅಕ್ಷರಶಃ ಒಪ್ಪಿಸಬಲ್ಲವರೂ ಲಾರಿಯನ್ನೇ ಗುರುತು ಮಾಡುತ್ತಾರೆ.

ಹಾರ್ವರ್ಡಿನ ಎರಿಕ್ ಮಜೂರ್ ಇಂಥ ಪ್ರಶ್ನೆಗಳು ತಮ್ಮ ವಿದ್ಯಾರ್ಥಿಗಳಿಗೆ ತೀರಾ ಸುಲಭವೆಂದುಕೊಂಡಿದ್ದರು. ವಿದ್ಯಾರ್ಥಿಗಳ ಮೆಚ್ಚುಗೆ ಗಳಿಸಿದ್ದ ಉಪನ್ಯಾಸಕರು ಅವರು. 1990ರಲ್ಲಿ ಆ ಪರೀಕ್ಷೆಯ ಹಿಂದಿನ ರೂಪವನ್ನು ತರಗತಿಯಲ್ಲಿ ಕೊಟ್ಟಾಗ ಒಬ್ಬ ವಿದ್ಯಾರ್ಥಿನಿ ಎದ್ದು, ಉತ್ತರವನ್ನು ನೀವು ಕಲಿಸಿದಂತೆ ಬರೆಯಬೇಕೋ ಅಥವಾ ನಾನು ಯೋಚಿಸುವಂತೆಯೋ ಎಂದು ಕೇಳಿದಳು. ಫಲಿತಾಂಶ ಬಂದಾಗ ಪ್ರಶ್ನೆಯ ಅರ್ಥ ಪೂರ್ತಿ ತಿಳಿಯಿತು. ಮಜೂರ್ ತಮ್ಮ ತರಗತಿಯ ರಚನೆಯನ್ನೇ ಬದಲಿಸಿದರು. ಪುಸ್ತಕದ ಓದು ತರಗತಿಗೆ ಬರುವ ಮೊದಲೇ ಆಗಬೇಕು. ತರಗತಿಯಲ್ಲಿ ಸ್ವಲ್ಪ ಹೊತ್ತು ವಿವರಣೆ, ನಂತರ ಲೆಕ್ಕವಿಲ್ಲದ ಒಂದು ಪ್ರಶ್ನೆ. ಪ್ರತಿಯೊಬ್ಬರೂ ಒಂಟಿಯಾಗಿ ಯೋಚಿಸಿ ಉತ್ತರ ಸೂಚಿಸುತ್ತಾರೆ, ಆಮೇಲೆ ಬೇರೆ ಉತ್ತರ ಕೊಟ್ಟ ಪಕ್ಕದವರನ್ನು ಒಪ್ಪಿಸಲು ನೋಡುತ್ತಾರೆ, ಎರಡು ನಿಮಿಷ ಗದ್ದಲ, ಮತ್ತೆ ಉತ್ತರ. ಈಗಷ್ಟೇ ಅರ್ಥ ಮಾಡಿಕೊಂಡವರಿಗೆ ತಾವು ಎಲ್ಲಿ ಎಡವಿದ್ದೆವೆಂಬುದು ಇನ್ನೂ ನೆನಪಿರುತ್ತದೆ, ಪ್ರಾಧ್ಯಾಪಕರು ಅದನ್ನು ಎಂದೋ ಮರೆತಿರುತ್ತಾರೆ; ಗೆಳೆಯರ ವಿವರಣೆ ಗೆಲ್ಲುವುದಕ್ಕೆ ಮಜೂರ್ ಕೊಟ್ಟ ಕಾರಣ ಇದು. 1997ರಲ್ಲಿ ಬಂದ ಅವರ ಪುಸ್ತಕ ಈ ಕ್ರಮವನ್ನು ಅನೇಕ ದೇಶಗಳ ಕಾಲೇಜುಗಳಿಗೆ ಒಯ್ದಿತು.

ಒಂದು ಕಾಲೇಜಿನ ಯಶಸ್ಸು ಆ ಕಾಲೇಜಿನದೇ ಇರಬಹುದಲ್ಲ ಎಂಬ ಅನುಮಾನಕ್ಕೆ ಇಂಡಿಯಾನ ವಿಶ್ವವಿದ್ಯಾಲಯದ ರಿಚರ್ಡ್ ಹೇಕ್ 1998ರಲ್ಲಿ ಉತ್ತರ ಕೊಟ್ಟರು. 62 ಕೋರ್ಸುಗಳ 6,542 ವಿದ್ಯಾರ್ಥಿಗಳ ಅಂಕಗಳನ್ನು ಅವರು ಕೂಡಿಹಾಕಿದರು. ಅವರ ಅಳತೆ ಹೀಗೆ: ಕೋರ್ಸಿನ ಮೊದಲು ತರಗತಿಯ ಸರಾಸರಿ 100ಕ್ಕೆ 40 ಇದ್ದರೆ ಏರಲು ಉಳಿದಿರುವುದು 60, ಕೊನೆಗೆ 70 ಆದರೆ ಏರಿದ್ದು 30, ಎಂದರೆ ಸಾಧ್ಯವಿದ್ದುದರಲ್ಲಿ ಅರ್ಧ, 0.5. ಬರೀ ಉಪನ್ಯಾಸದ 14 ಕೋರ್ಸುಗಳಲ್ಲಿ ಈ ಗಳಿಕೆಯ ಸರಾಸರಿ 0.23; ವಿದ್ಯಾರ್ಥಿಗಳನ್ನು ಚರ್ಚೆ, ಚಟುವಟಿಕೆಗೆ ಹಚ್ಚಿದ 48 ಕೋರ್ಸುಗಳಲ್ಲಿ 0.48. ಹೇಕ್ ಅವರಿಗೆ ಮಾಹಿತಿ ಕಳಿಸಿದವರು ತಾವಾಗಿ ಮುಂದೆ ಬಂದವರು, ಸೋತವರು ಕಳಿಸದೆ ಇದ್ದಿರಬಹುದು ಎಂಬ ಟೀಕೆ ಬಂತು, ಅದರಲ್ಲಿ ಹುರುಳೂ ಇದೆ. ಆದರೂ ಎರಡು ಗುಂಪುಗಳ ನಡುವಿನ ಅಂತರ ಆ ಟೀಕೆಯಿಂದ ಕರಗುವಷ್ಟು ಸಣ್ಣದಲ್ಲ.

ಇಷ್ಟರಲ್ಲಿ ಕ್ಷೇತ್ರದೊಳಗೇ ಜಗಳ ಹುಟ್ಟಿತ್ತು. ವಿದ್ಯಾರ್ಥಿಯ ತಲೆಯಲ್ಲಿ ನಿಜವಾಗಿ ಗಟ್ಟಿಯಾದ ತಪ್ಪು ಸಿದ್ಧಾಂತವೊಂದು ಕೂತಿದೆಯೇ, ಅದನ್ನು ಕಿತ್ತು ಬೇರೆ ನೆಡಬೇಕೇ? ಬರ್ಕ್ಲಿಯ ಆಂಡ್ರಿಯಾ ಡಿಸೆಸ್ಸಾ 1993ರ ಸುದೀರ್ಘ ಲೇಖನದಲ್ಲಿ ಹಾಗಲ್ಲ ಎಂದು ವಾದಿಸಿದರು. ಅವರ ಪ್ರಕಾರ ಅಲ್ಲಿರುವುದು ಅನುಭವದಿಂದ ಬಂದ ಚೂರುಚೂರು ತಿಳಿವಳಿಕೆ: ಹೆಚ್ಚು ಶ್ರಮಕ್ಕೆ ಹೆಚ್ಚು ಫಲ, ಹತ್ತಿರವಿದ್ದಷ್ಟೂ ಪ್ರಭಾವ ಜಾಸ್ತಿ, ಹೀಗೆ. ಇವುಗಳಲ್ಲಿ ಯಾವುದೂ ತನ್ನಷ್ಟಕ್ಕೆ ತಪ್ಪಲ್ಲ, ಸಲ್ಲದ ಕಡೆ ತಲೆ ಎತ್ತಿದಾಗ ತಪ್ಪು. ಬೇಸಿಗೆಯಲ್ಲಿ ಭೂಮಿ ಸೂರ್ಯನಿಗೆ ಹತ್ತಿರವಾಗುತ್ತದೆ ಎನ್ನುವವರು ಓದಿ ಕಲಿತ ಸಿದ್ಧಾಂತವನ್ನು ಹೇಳುತ್ತಿಲ್ಲ, ಆ ಕ್ಷಣಕ್ಕೆ ಒಲೆಯ ಅನುಭವವನ್ನು ಎಳೆದು ತರುತ್ತಿದ್ದಾರೆ. ಬೋಧಕರ ಮಟ್ಟಿಗೆ ಈ ವ್ಯತ್ಯಾಸ ದೊಡ್ಡದು. ಮೊದಲ ನೋಟದಲ್ಲಿ ವಿದ್ಯಾರ್ಥಿಯ ಆಲೋಚನೆ ಅಡ್ಡಿ. ಎರಡನೆಯದರಲ್ಲಿ ಅದೇ ಬಂಡವಾಳ. ತಿಳಿವಳಿಕೆ ಜೋಡಣೆಗೊಂಡ ಬಗೆಯೂ ಮುಖ್ಯವೆಂಬುದಕ್ಕೆ ಹಳೆಯ ಪುರಾವೆಯೂ ಇತ್ತು: ಪರಿಣತರು ಲೆಕ್ಕಗಳನ್ನು ವಿಂಗಡಿಸುವುದು ತತ್ತ್ವದ ಆಧಾರದಿಂದ, ಹೊಸಬರು ವಿಂಗಡಿಸುವುದು ರಾಟೆಯಿದೆಯೋ ಇಳಿಜಾರಿದೆಯೋ ಎಂದು ಚಿತ್ರ ನೋಡಿ ಎಂಬುದನ್ನು ಮನೋವಿಜ್ಞಾನಿಗಳು 1981ರಲ್ಲೇ ತೋರಿಸಿದ್ದರು. ಮೇರಿಲ್ಯಾಂಡಿನ ಎಡ್ವರ್ಡ್ ರೆಡಿಷ್ ಮತ್ತು ಸಂಗಡಿಗರ 1998ರ ಸಮೀಕ್ಷೆ ಮತ್ತೊಂದು ಮಗ್ಗುಲನ್ನು ತೆರೆಯಿತು: ಕೋರ್ಸಿನ ಮೊದಲ ಅವಧಿ ಮುಗಿದ ಮೇಲೆ ಭೌತಶಾಸ್ತ್ರವೆಂದರೆ ಸೂತ್ರಗಳ ರಾಶಿ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಕಡಿಮೆಯಾಗುವ ಬದಲು ಹೆಚ್ಚೇ ಆಗುತ್ತದೆ.

ಅಮೆರಿಕನ್ ಫಿಸಿಕಲ್ ಸೊಸೈಟಿ 1999ರಲ್ಲಿ ಭೌತಶಾಸ್ತ್ರ ಕಲಿಕೆಯ ಈ ಅಧ್ಯಯನವನ್ನು ಭೌತಶಾಸ್ತ್ರ ವಿಭಾಗಗಳಲ್ಲಿ ನಡೆಯಬೇಕಾದ ಸಂಶೋಧನೆಯೆಂದು ಅಧಿಕೃತವಾಗಿ ಬೆಂಬಲಿಸಿತು. 2005ರಲ್ಲಿ ಪ್ರತಿಷ್ಠಿತ ‘ಫಿಸಿಕಲ್ ರಿವ್ಯೂ’ ಮಾಲಿಕೆಯಲ್ಲೇ ಅದಕ್ಕೊಂದು ಪತ್ರಿಕೆ ಶುರುವಾಯಿತು. 2001ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಕಾರ್ಲ್ ವೀಮನ್ ಮರುವರ್ಷ ಕೊಲರಾಡೊದಲ್ಲಿ ‘ಫೆಟ್’ ಎಂಬ ಕಂಪ್ಯೂಟರ್ ಮಾದರಿಗಳ ಯೋಜನೆ ಆರಂಭಿಸಿದರು. ಬ್ಯಾಟರಿ, ತಂತಿ, ಬಲ್ಬುಗಳನ್ನು ಪರದೆಯ ಮೇಲೆ ಜೋಡಿಸಿ ಎಲೆಕ್ಟ್ರಾನುಗಳ ಓಟವನ್ನು ನೋಡಬಹುದಾದ ಈ ಮಾದರಿಗಳು ಉಚಿತ. ಹಲವು ಕನ್ನಡದಲ್ಲೂ ಸಿಗುತ್ತವೆ.

ಭಾರತದಲ್ಲಿ ಕಥೆ ಬೇರೆ ಕಡೆಯಿಂದ ಶುರುವಾಯಿತು. 1960ರ ದಶಕದಲ್ಲಿ ಅಮೆರಿಕದ ನೆರವಿನ ಬೇಸಿಗೆ ಶಿಬಿರಗಳ ಮೂಲಕ ಪಿಎಸ್ಎಸ್‌ಸಿ ಪಠ್ಯ ಇಲ್ಲಿನ ಶಿಕ್ಷಕರ ಕೈ ಸೇರಿತು. 1963ರಲ್ಲಿ ಮೈಸೂರೂ ಸೇರಿದಂತೆ ನಾಲ್ಕು ಊರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ತೆರೆದವು. ವಿಜ್ಞಾನದ ಪದವಿ ಮತ್ತು ಶಿಕ್ಷಕ ತರಬೇತಿಯನ್ನು ನಾಲ್ಕು ವರ್ಷದ ಒಂದೇ ಕೋರ್ಸಿನಲ್ಲಿ ಬೆಸೆದದ್ದು ಅವುಗಳ ಹೊಸತನ. ಭೌತವಿಜ್ಞಾನಿ ಡಿ.ಎಸ್. ಕೊಠಾರಿ ಅಧ್ಯಕ್ಷತೆಯ 1964–66ರ ಶಿಕ್ಷಣ ಆಯೋಗ ಹತ್ತನೆಯ ತರಗತಿಯವರೆಗೆ ಎಲ್ಲರಿಗೂ ವಿಜ್ಞಾನ ಕಡ್ಡಾಯವಾಗಬೇಕೆಂದಿತು. ಕಡ್ಡಾಯವೇನೋ ಆಯಿತು, ಬಹುಪಾಲು ಶಾಲೆಗಳಲ್ಲಿ ಅದು ಪ್ರಯೋಗವಿಲ್ಲದ ವಿಜ್ಞಾನ.

ಈ ಸ್ಥಿತಿಗೆ ಎದುರಾಗಿ ನಿಂತದ್ದು ಮಧ್ಯಪ್ರದೇಶದ ಹೋಶಂಗಾಬಾದ್. 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ಆರರಿಂದ ಎಂಟನೆಯ ತರಗತಿಯ ವಿಜ್ಞಾನವನ್ನು ಹೊಸದಾಗಿ ಕಲಿಸಲು ಅನುಮತಿ ಪಡೆದವು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ, ದೆಹಲಿ ವಿಶ್ವವಿದ್ಯಾಲಯದಿಂದ ವಿಜ್ಞಾನಿಗಳು ಹಳ್ಳಿ ಶಾಲೆಗಳಿಗೆ ಬಂದರು. ‘ಬಾಲ ವೈಜ್ಞಾನಿಕ’ ಎಂಬ ಪುಸ್ತಕದಲ್ಲಿ ಉತ್ತರಗಳಿಗಿಂತ ಪ್ರಶ್ನೆಗಳೇ ಹೆಚ್ಚು. ಮಕ್ಕಳು ಗುಂಪಾಗಿ ಪ್ರಯೋಗ ಮಾಡಿ ತೀರ್ಮಾನಕ್ಕೆ ಬರಬೇಕು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಬಹುದಿತ್ತು. 1978ರಲ್ಲಿ ಕಾರ್ಯಕ್ರಮ ಇಡೀ ಜಿಲ್ಲೆಗೆ ಹಬ್ಬಿತು, 1982ರಲ್ಲಿ ಸ್ಥಾಪನೆಯಾದ ಏಕಲವ್ಯ ಸಂಸ್ಥೆ ಅದರ ಹೊಣೆ ಹೊತ್ತಿತು. ಮೂರು ದಶಕ ನಡೆದ ಮೇಲೆ 2002ರಲ್ಲಿ ರಾಜ್ಯ ಸರ್ಕಾರದ ಆದೇಶದಿಂದ ಅದು ನಿಂತುಹೋಯಿತು. ಸಿಯಾಟಲ್‌ನ ಕೆಲಸ ವಿಶ್ವವಿದ್ಯಾಲಯದ ಆಸರೆಯಲ್ಲಿ ಬೆಳೆಯಿತು. ಹೋಶಂಗಾಬಾದಿನದು ಅದಕ್ಕಿಂತ ಎಷ್ಟೋ ದೊಡ್ಡ ಪ್ರಮಾಣದ ಸಾಹಸ, ಆದರೆ ಅದರ ಅಳಿವು ಉಳಿವು ಸರ್ಕಾರದ ಕೈಯಲ್ಲಿತ್ತು.

ಸಂಶೋಧನೆಗೆ ನೆಲೆಯಾದದ್ದು 1974ರಲ್ಲಿ ಟಾಟಾ ಸಂಸ್ಥೆಯ ಭಾಗವಾಗಿ ಮುಂಬೈಯಲ್ಲಿ ಆರಂಭವಾದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ. ಅಲ್ಲಿ 1994ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಾಪೇಕ್ಷ ಚಲನೆಯನ್ನು ಕಾಲೇಜು ವಿದ್ಯಾರ್ಥಿಗಳು ಗ್ರಹಿಸುವ ಬಗೆಯನ್ನು ಹುಡುಕಿತು. ರೈಲನ್ನು ಆಧಾರವಾಗಿಟ್ಟುಕೊಂಡು ಚಲನೆಯನ್ನು ಅಳೆಯುವುದೆಂದರೆ ರೈಲಿನ ಗೋಡೆಗಳೊಳಗೆ ಮಾತ್ರ ಅಳೆಯುವುದು, ಡಬ್ಬಿಯಿಂದ ಹೊರಗೆ ಬಿದ್ದ ವಸ್ತು ಆ ಚೌಕಟ್ಟಿಗೆ ಸೇರುವುದಿಲ್ಲ ಎಂಬಂಥ ಕಲ್ಪನೆಗಳು ಅಲ್ಲಿ ಬೆಳಕಿಗೆ ಬಂದವು. ಇನ್ನೊಂದು ಕಡೆ, ಡಿ.ಪಿ. ಖಂಡೇಲ್ವಾಲ್ 1984ರಲ್ಲಿ ಕಟ್ಟಿದ ಭಾರತೀಯ ಭೌತಶಾಸ್ತ್ರ ಬೋಧಕರ ಸಂಘ ಕಾಲೇಜು ಶಿಕ್ಷಕರನ್ನು ಒಂದೆಡೆ ಸೇರಿಸಿತು. ಐಐಟಿ ಕಾನ್ಪುರದ ಎಚ್.ಸಿ. ವರ್ಮಾ ಅವರ ಪಠ್ಯಪುಸ್ತಕ ಪ್ರವೇಶ ಪರೀಕ್ಷೆಯ ಹಾದಿಯಲ್ಲಿ ಮನೆಮಾತಾಯಿತು. ಅಗ್ಗದ ಸಾಮಗ್ರಿಯ ಪ್ರಯೋಗಗಳನ್ನು ಶಿಕ್ಷಕರಿಗೆ ಕಲಿಸುವ ಅವರ ದಶಕಗಳ ಕೆಲಸ ಅಷ್ಟು ಪ್ರಸಿದ್ಧವಲ್ಲ. ಯಾಕೆಂದು ಊಹಿಸುವುದು ಕಷ್ಟವಿಲ್ಲ: ಪ್ರವೇಶ ಪರೀಕ್ಷೆ ಪ್ರಯೋಗವನ್ನು ಕೇಳುವುದಿಲ್ಲ.

ಹೊಸ ಶತಮಾನದಲ್ಲಿ ಸಾಕ್ಷ್ಯ ಇನ್ನಷ್ಟು ಬಿಗಿಯಾಯಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವೀಮನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಕೋರ್ಸಿನ ಎರಡು ವಿಭಾಗಗಳು, ಒಂದೊಂದರಲ್ಲೂ ಸುಮಾರು 270 ವಿದ್ಯಾರ್ಥಿಗಳು. ಒಂದಕ್ಕೆ ಹೆಸರಾಂತ ಅನುಭವಿ ಪ್ರಾಧ್ಯಾಪಕರ ಉಪನ್ಯಾಸ. ಇನ್ನೊಂದಕ್ಕೆ, ಒಂದು ವಾರದ ಮಟ್ಟಿಗೆ, ಅನುಭವ ಕಡಿಮೆಯಿದ್ದರೂ ಸಂಶೋಧನೆಯ ವಿಧಾನದಲ್ಲಿ ತರಬೇತಾದವರ ತರಗತಿ. ಕೊನೆಗೆ ಇಟ್ಟ ಕಿರುಪರೀಕ್ಷೆಯಲ್ಲಿ ಮೊದಲ ವಿಭಾಗದ ಸರಾಸರಿ ಶೇ 41, ಎರಡನೆಯದರದು ಶೇ 74. ಮೂರು ವರ್ಷಗಳ ನಂತರ, ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿಷಯಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ, ಉಪನ್ಯಾಸದ ತರಗತಿಗಳಲ್ಲಿ ನಪಾಸಾಗುವವರು ಸುಮಾರು ಶೇ 34, ಚಟುವಟಿಕೆಯ ತರಗತಿಗಳಲ್ಲಿ ಶೇ 22 ಎಂದು ಲೆಕ್ಕ ಕೊಟ್ಟಿತು.

ಹಾಗಿದ್ದೂ ಉಪನ್ಯಾಸ ಯಾಕೆ ಉಳಿದಿದೆ? ದೊಡ್ಡ ತರಗತಿ, ಮುಗಿಸಲೇಬೇಕಾದ ಪಠ್ಯಭಾಗ, ಬೋಧಕರ ಬಡ್ತಿಗೆ ಪಾಠ ಲೆಕ್ಕಕ್ಕೆ ಬಾರದಿರುವುದು, ಇವೆಲ್ಲ ಕಾರಣಗಳೇ. ಹಾರ್ವರ್ಡಿನ ಲೂಯಿ ದೆಲೊರಿಯೆ ಮತ್ತು ಸಂಗಡಿಗರು 2019ರಲ್ಲಿ ಇನ್ನೊಂದನ್ನು ಕಂಡುಹಿಡಿದರು. ವಿದ್ಯಾರ್ಥಿಗಳನ್ನು ಲಾಟರಿಯ ರೀತಿ ಎರಡು ಗುಂಪು ಮಾಡಿ, ಅದೇ ವಿಷಯ, ಅದೇ ಹಾಳೆಗಳನ್ನು ಕೊಟ್ಟು, ಒಂದು ಗುಂಪಿಗೆ ನುಣುಪಾದ ಉಪನ್ಯಾಸ, ಇನ್ನೊಂದಕ್ಕೆ ಗುಂಪಿನಲ್ಲಿ ತಾವೇ ಲೆಕ್ಕ ಬಿಡಿಸುವ ತರಗತಿ ನಡೆಸಿದರು. ಮುಂದಿನ ವಿಷಯಕ್ಕೆ ಗುಂಪುಗಳನ್ನು ಅದಲುಬದಲು ಮಾಡಿದರು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದದ್ದು ತಾವೇ ತಿಣುಕಾಡಿದವರಿಗೆ. ತಾನು ಹೆಚ್ಚು ಕಲಿತೆ ಎಂದು ಬರೆದುಕೊಟ್ಟವರು ಮಾತ್ರ ಉಪನ್ಯಾಸ ಕೇಳಿದವರು. ಸರಾಗವಾದ ವಿವರಣೆಯನ್ನು ಕೇಳಿ ತಲೆಯಾಡಿಸುವಾಗ ಆಗುವ ತೃಪ್ತಿಯನ್ನು ವಿದ್ಯಾರ್ಥಿ ಕಲಿಕೆಯೆಂದು ಎಣಿಸುತ್ತಾನೆ, ತಿಣುಕಾಟವನ್ನು ಸೋಲೆಂದು ಎಣಿಸುತ್ತಾನೆ. ವಿದ್ಯಾರ್ಥಿಗಳ ಅಭಿಪ್ರಾಯ ಪತ್ರದಿಂದ ಬೋಧಕರನ್ನು ಅಳೆಯುವ ವಿಶ್ವವಿದ್ಯಾಲಯಗಳಲ್ಲಿ ಈ ತಪ್ಪೆಣಿಕೆಯ ಬೆಲೆ ತೆರುವವರು ಹೊಸ ವಿಧಾನಕ್ಕೆ ಕೈಹಾಕಿದವರೇ. ಆ ಅಧ್ಯಯನ ಮಾಡಿದವರು ಸೂಚಿಸಿದ ಪರಿಹಾರ ಸರಳ: ಸೆಮಿಸ್ಟರ್ ಶುರುವಾದ ಮೊದಲ ದಿನಗಳಲ್ಲೇ ಈ ಅಂಕಿಅಂಶಗಳನ್ನು ವಿದ್ಯಾರ್ಥಿಗಳ ಮುಂದಿಟ್ಟು, ತರಗತಿ ಯಾಕೆ ಹೀಗಿರುತ್ತದೆಂದು ಹೇಳಿಬಿಡುವುದು. ಹಾಗೆ ಹೇಳಿದ ತರಗತಿಗಳಲ್ಲಿ ಅಸಮಾಧಾನ ಬೇಗ ತಗ್ಗಿತು.